ಸರ್ವೆ ಜವರಯ್ಯನವರ ವಾಲ್ವ್ ಆಂಪ್ಲಿಫೈಯರ್

ಟಿ. ನರಸೀಪುರ ತಾಲ್ಲೂಕಿನಲ್ಲಿ ಜವರಯ್ಯನವರು ಅಳೆಯದ ಹೊಲವಿಲ್ಲ, ಅವರ ಅಳತೆಯನ್ನು ಒಪ್ಪಿಕೊಂಡ ರೈತನೂ ಇಲ್ಲ. ಅಣ್ಣನಿಗೆ ಒಂದು ಗುಂಟೆ ಹೆಚ್ಚು ಬಂದರೆ ತಮ್ಮ ಬೈಯುತ್ತಿದ್ದ, ತಮ್ಮನಿಗೆ ಬಂದರೆ ಅಣ್ಣ ಬೈಯುತ್ತಿದ್ದ, ಸಮ ಬಂದರೆ ಇಬ್ಬರೂ ಒಂದಾಗಿ ಬೈಯುತ್ತಿದ್ದರು. ಮಾತು ಬಿಟ್ಟ ದಾಯಾದಿಗಳನ್ನು ಹೀಗೆ ಎಷ್ಟೋ ಸಲ ಒಂದು ಮಾಡಿದ ಪುಣ್ಯ ಅವರದು. ಮೂವತ್ನಾಲ್ಕು ವರ್ಷ ಸರ್ವೆ ಇಲಾಖೆಯಲ್ಲಿ ಸರಪಳಿ ಎಳೆದು ನಿವೃತ್ತರಾಗಿ, ಊರಾಚೆಯ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿಕೊಂಡು ಸುಮ್ಮನಿದ್ದ ಮನುಷ್ಯ ಅರವತ್ತಾರನೇ ವಯಸ್ಸಿನಲ್ಲಿ ಒಂದು ದಿನ, ತನಗೊಂದು ವಾಲ್ವ್ ಆಂಪ್ಲಿಫೈಯರ್ ಬೇಕು ಎಂದರು.

"ವಾಲ್ವಾ? ಯಾವ ಡಾಕ್ಟ್ರು ಬರ್ಕೊಟ್ರು?" ಎಂದು ಹೆಂಡತಿ ಚಲುವಮ್ಮ ಗಾಬರಿಯಾದರು. ಪಕ್ಕದ ಮನೆಯವರಿಗೆ ಆ ತಿಂಗಳಷ್ಟೇ ಮೈಸೂರಿನಲ್ಲಿ ಎದೆ ಕುಯ್ದು ವಾಲ್ವ್ ಹಾಕಿದ್ದರು.

ಇದು ಎದೆಗೆ ಹಾಕುವುದಲ್ಲ, ಹಳೆಯ ರೇಡಿಯೋಗಳೊಳಗೆ ಉರಿಯುತ್ತಿದ್ದ ಗಾಜಿನ ಬುರುಡೆಗಳು, ಅವುಗಳಿಂದ ಮಾಡಿದ ಆಂಪ್ಲಿಫೈಯರಿನಲ್ಲಿ ಹಾಡು ಕೇಳಿದರೆ ಅದರ ಗತ್ತೇ ಬೇರೆ, ಅಂಗಡಿಯಲ್ಲಿ ಸಿಗುವುದಿಲ್ಲ, ಹೇಳಿ ಮಾಡಿಸಬೇಕು ಎಂದು ಜವರಯ್ಯನವರು ವಿವರಿಸಿದರು. ಚಲುವಮ್ಮ ಎಲ್ಲ ಕೇಳಿಸಿಕೊಂಡು, "ಮೊಬೈಲಲ್ಲಿ ಪುಕ್ಸಟ್ಟೆ ಬತ್ತದಲ್ಲ," ಎಂದು ಒಳಗೆ ಹೋದರು.

ಮಾಡಿಕೊಡುವವನು ನಂಜನಗೂಡಿನಲ್ಲಿದ್ದ. ದೀಪಕ್ ಎಂದು ಹೆಸರು, ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಶಿಫ್ಟಿನ ಕೆಲಸ. ಉಳಿದ ಹೊತ್ತಿನಲ್ಲಿ ಮನೆಯ ಮಹಡಿಯ ಮೇಲೆ ಕೂತು ತಾಮ್ರದ ತಂತಿ ಸುತ್ತಿ, ಬೆಸುಗೆ ಹಾಕಿ, ವರ್ಷಕ್ಕೆ ಮೂರೋ ನಾಲ್ಕೋ ಆಂಪ್ಲಿಫೈಯರ್ ಮಾಡುತ್ತಿದ್ದ. ಗಿರಾಕಿಗಳಿಗೆ ಅವನು ಕೊಡುವ ಫಾರಂನಲ್ಲಿ ಇಪ್ಪತ್ತೆರಡು ಪ್ರಶ್ನೆಗಳಿದ್ದವು. ರೂಮು ಎಷ್ಟು ಉದ್ದ, ಎಷ್ಟು ಅಗಲ, ನೆಲ ಯಾವುದು, ಎಂಥ ಸಂಗೀತ ಕೇಳುತ್ತೀರಿ, ಇತ್ಯಾದಿ. ಜವರಯ್ಯನವರು ರೂಮಿನ ಅಳತೆಯನ್ನು ಅಂಗುಲದ ಕಾಲುಭಾಗದವರೆಗೆ ಬರೆದು, ಉತ್ತರ ದಿಕ್ಕಿನ ಬಾಣ ಸಮೇತ ನಕ್ಷೆ ಲಗತ್ತಿಸಿ, ಮಿಕ್ಕ ಇಪ್ಪತ್ತು ಪ್ರಶ್ನೆಗಳಿಗೆ ಅಡ್ಡಗೆರೆ ಎಳೆದು ಒಂದೇ ಉತ್ತರ ಬರೆದರು: ಆ ಸೌಂಡ್ ಬರಬೇಕು.

"ಯಾವ ಸೌಂಡ್ ಸಾ?" ಎಂದು ದೀಪಕ್ ಫೋನ್ ಮಾಡಿ ಕೇಳಿದ.

ಆ ಸೌಂಡ್ ಕವಲಂದೆಯ ಪುಟ್ಟಬಸವಯ್ಯನವರ ಮನೆಯ ರೇಡಿಯೋದ್ದು. ಜವರಯ್ಯ ಒಂಬತ್ತು ವರ್ಷದ ಹುಡುಗನಾಗಿದ್ದಾಗ ಅವನ ಅವ್ವ ಆ ಮನೆಯ ಕೊಟ್ಟಿಗೆ ಬಾಚುತ್ತಿದ್ದಳು. ಅವಳು ಸಗಣಿ ಎತ್ತಿ ಮುಗಿಸುವಷ್ಟು ಹೊತ್ತು ಹುಡುಗ ಹಿತ್ತಲಿನ ಕಲ್ಲುಬಾನಿಯ ಪಕ್ಕ ಕುಕ್ಕುರುಗಾಲಲ್ಲಿ ಕೂತಿರುತ್ತಿದ್ದ. ಬಾನಿಯಿಂದ ಆಚೆಗೆ ಹುಡುಗನ ಕೇರಿಯವರು ಯಾರೂ ಹೋಗುವಂತಿರಲಿಲ್ಲ. ಹೋಗಬಾರದೆಂದು ಯಾರೂ ಬಾಯಿ ಬಿಟ್ಟು ಹೇಳಿದ್ದಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಸಂಜೆ ಮನೆಯೊಳಗೆ ಯಾರೋ ಗುಂಡಿ ತಿರುಗಿಸಿದ ಸದ್ದಾಗುತ್ತಿತ್ತು. ಒಂದು ನಿಮಿಷ ಏನೂ ಇಲ್ಲ. ಆಮೇಲೆ ಮೆತ್ತಗೆ, ತುಂಬಿದ ಕೊಡದೊಳಗಿಂದ ಎದ್ದು ಬಂದಂತೆ ಹಾಡು ಬರುತ್ತಿತ್ತು. ಪುಟ್ಟಬಸವಯ್ಯನವರ ಮಗ ರಾಜೇಂದ್ರ ಜವರಯ್ಯನ ಸಹಪಾಠಿ. ಪೆಟ್ಟಿಗೆಯೊಳಗೆ ದೀಪ ಉರಿಯುತ್ತದೆ, ಬಿಸಿಯಾದ ಮೇಲೇ ಹಾಡುವುದು ಎಂದು ಅವನೇ ಹೇಳಿದ್ದ. ಜವರಯ್ಯ ಆ ರೇಡಿಯೋವನ್ನು ಕಣ್ಣಿನಿಂದ ನೋಡಲೇ ಇಲ್ಲ. ಆದರೆ ಆ ಹೊತ್ತಿನಲ್ಲಿ ಅವನಿಗೆ ಸುಖವಾಗುತ್ತಿತ್ತು. ಬಾಲ್ಯದಲ್ಲಿ ಸುಖ ಎಂದು ಕರೆಯಬಹುದಾದದ್ದು ಅವನಿಗೆ ಅದೊಂದೇ ಇತ್ತು, ಅದನ್ನು ಅವನು ಬೇರೆ ಯಾವುದಕ್ಕೂ ಬಿಟ್ಟುಕೊಡುವವನಲ್ಲ.

ಆ ರೇಡಿಯೋವನ್ನು ನೋಡುವ ಅವಕಾಶ ಒಮ್ಮೆ ಬಂದಿತ್ತು. ಸರ್ವೆಯರ್ ಆದ ಮೇಲೆ ಒಂದು ವರ್ಷ ನಂಜನಗೂಡು ತಾಲ್ಲೂಕಿಗೆ ಹಾಕಿದ್ದಾಗ ಪುಟ್ಟಬಸವಯ್ಯನವರ ಮಕ್ಕಳ ಪಾಲುಪಾರಿಕತ್ತಿನ ಅಳತೆ ಇವರಿಗೇ ಬಿತ್ತು. ಹೊಲ ಅಳೆದರು, ಹಿತ್ತಲು ಅಳೆದರು, ಮನೆಯ ಹೊರಗೋಡೆ ಅಳೆದರು. ಮನೆಯವರು ಜಗಲಿಯ ಮೇಲೆ ಕುರ್ಚಿ ಹಾಕಿ ಕೂರಿಸಿ ಎಳನೀರು ಕೊಟ್ಟರು. ಮನೆಯ ಒಳಗಿನ ಅಳತೆಗೆ ಬಂದಾಗ ರಾಜೇಂದ್ರನೇ ಟೇಪು ಇಸಿದುಕೊಂಡು, "ನೀವ್ಯಾಕೆ ತೊಂದ್ರೆ ತಕ್ಕೋತೀರಿ ಸಾ, ನಾನೇ ಒಳಗಿಂದ ಕೂಗ್ತೀನಿ, ಬರ್ಕೊಳಿ," ಎಂದ. ಕೂಗಿದ. ಸರ್ಕಾರಿ ಅಧಿಕಾರಿ ಜಗಲಿಯ ಮೇಲೆ ಕೂತು ಬರೆದುಕೊಂಡರು. ಜವರಯ್ಯನವರ ಸೇವಾವಧಿಯಲ್ಲಿ, ತಾವೇ ಅಳೆಯದೆ ರುಜು ಹಾಕಿದ ನಕ್ಷೆ ಅದೊಂದೇ.

ಇದನ್ನೆಲ್ಲ ದೀಪಕ್‌ಗೆ ಅವರು ಹೇಳಲಿಲ್ಲ. "ದಪ್ಪಗೆ, ಮೆತ್ತಗೆ, ಕಿವಿಗೆ ಚುಚ್ಚಬಾರ್ದು. ದೂರ್ದಲ್ಲಿರ್ಬೇಕು, ಆದ್ರೂ ನಮ್ಗೇ ಏಳ್ದಂಗಿರ್ಬೇಕು," ಎಂದಷ್ಟೇ ಹೇಳಿದರು. ಎಂಜಿನಿಯರಿಂಗ್ ಓದಿದ ಹುಡುಗ ಅದನ್ನು ನೋಟ್‌ಬುಕ್ಕಿನಲ್ಲಿ ಹಾಗೇ ಬರೆದುಕೊಂಡ.

ಎಂಟು ತಿಂಗಳು ಹಿಡಿಯಿತು. ನಡುವೆ ಎರಡು ಸಲ ಅವನು ಅರ್ಧ ಮಾಡಿದ್ದನ್ನು ಹಲಗೆಯ ಮೇಲೆ ಜೋಡಿಸಿ ಮನೆಗೆ ಕರೆಸಿ ಕೇಳಿಸಿದ. ಎರಡು ಸಲವೂ ಜವರಯ್ಯನವರು ಕಣ್ಣು ಮುಚ್ಚಿ ಕೇಳಿ, "ಅತ್ರ ಬಂದದೆ. ಆದ್ರೆ ಅದಲ್ಲ," ಎಂದರು. ದೀಪಕ್ ಬೇರೆ ವಾಲ್ವ್ ತರಿಸಿದ, ಸುತ್ತಿದ ಟ್ರಾನ್ಸ್‌ಫಾರ್ಮರನ್ನು ಬಿಚ್ಚಿ ಮತ್ತೆ ಸುತ್ತಿದ. ಅವನ ಹೆಂಡತಿ ಜವರಯ್ಯನವರ ಫೋನ್ ಬಂದರೆ "ಅದಲ್ಲ ಬಂದ್ರು" ಎಂದು ಕರೆಯುವಷ್ಟಾಯಿತು.

ಕೊನೆಗೆ ಕಳೆದ ಫೆಬ್ರವರಿಯ ಒಂದು ಭಾನುವಾರ ಮುಗಿದಿದೆ ಎಂದು ಹೇಳಿಕಳಿಸಿದ. ಟ್ರಾನ್ಸ್‌ಪೋರ್ಟಿನವರನ್ನು ನಂಬದ ಜವರಯ್ಯನವರು ತಾವೇ ನಂಜನಗೂಡಿಗೆ ಹೋದರು. ಹತ್ತೊಂಬತ್ತು ಕಿಲೋ ಪೆಟ್ಟಿಗೆ ದೀಪಕ್‌ನ ಕಾರಿನ ಹಿಂದಿನ ಸೀಟಿನಲ್ಲಿ ಬೆಲ್ಟು ಕಟ್ಟಿಸಿಕೊಂಡು ಕೂತಿತು. ವಾಲ್ವ್‌ಗಳನ್ನು ಬೇರೆ ಡಬ್ಬಿಯಲ್ಲಿ ಹತ್ತಿ ಸುತ್ತಿ ಜವರಯ್ಯನವರು ತೊಡೆಯ ಮೇಲಿಟ್ಟುಕೊಂಡರು. ಟಿ. ನರಸೀಪುರದವರೆಗೆ ಮೂವತ್ತೊಂಬತ್ತು ಹಂಪುಗಳಿವೆ ಎಂದು ಅವರಿಗೆ ಅಂದು ಗೊತ್ತಾಯಿತು. ಅವುಗಳಲ್ಲಿ ಹನ್ನೊಂದು ಅನಧಿಕೃತ.

ಮನೆಯಲ್ಲಿ ಚಲುವಮ್ಮ ನಿಂಬೆಹಣ್ಣು ಹಿಡಿದು ಕಾದಿದ್ದರು. ಬುದ್ಧನ ಫೋಟೋ ಇರುವ ಮನೆಯಲ್ಲಿ ಇದೆಲ್ಲ ಕೂಡದು ಎಂದರು ಜವರಯ್ಯನವರು. ಬುದ್ಧನಿಗೆ ನಿಂಬೆಹಣ್ಣಿನ ಮೇಲೆ ಯಾವ ಹಗೆ ಎಂದರು ಚಲುವಮ್ಮ. ಕೊನೆಗೆ ವಾದದಲ್ಲಿ ಸೋತರೂ ಚಲುವಮ್ಮ ಹಣ್ಣನ್ನು ಬಿಸಾಡಲಿಲ್ಲ, ದೀಪಕ್‌ಗೆ ಪಾನಕ ಮಾಡಿಕೊಟ್ಟರು.

ಕಾರಿನ ಡಿಕ್ಕಿಯಲ್ಲಿ ತಂದಿದ್ದ ಎರಡು ಸ್ಪೀಕರು, ಒಂದು ಕುರ್ಚಿ, ಮೂರೂ ಸರಿಯಾಗಿ ಸಮಬಾಹು ತ್ರಿಕೋನವಾಗಬೇಕು ಎಂದು ದೀಪಕ್ ಹೇಳಿದ. ತ್ರಿಕೋನ ಎಂದ ಕೂಡಲೇ ಜವರಯ್ಯನವರಿಗೆ ಮೈಯಲ್ಲಿ ಹಳೆಯ ಜೀವ ಬಂತು. ಟೇಪು ಹಿಡಿದು, ಸೀಮೆಸುಣ್ಣದಲ್ಲಿ ಗುರುತು ಹಾಕಿ, ಹದ್ದುಬಸ್ತು ಮಾಡಿದಂತೆ ಕುರ್ಚಿಯ ನಾಲ್ಕು ಕಾಲಿಗೂ ಗಡಿ ಬರೆದರು. ದೀಪಕ್ ವಾಲ್ವ್‌ಗಳನ್ನು ಒಂದೊಂದಾಗಿ ಕೂರಿಸಿ ಸ್ವಿಚ್ ಹಾಕಿದ. ಗಾಜಿನೊಳಗೆ ಸಣ್ಣಗೆ ಕೆಂಡ ಹೊತ್ತಿಕೊಂಡಿತು. ಚಲುವಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಚೆನ್ನಾಗದೆ," ಎಂದರು. ಎಂಟು ತಿಂಗಳಲ್ಲಿ ಅವರ ಬಾಯಿಂದ ಬಂದ ಮೊದಲ ಒಳ್ಳೆಯ ಮಾತು.

ಜವರಯ್ಯನವರು ಕುರ್ಚಿಯಲ್ಲಿ ಕೂತರು. ಇದೂ ಅದಲ್ಲದಿದ್ದರೆ ಇನ್ನು ಅದು ಭೂಮಿಯ ಮೇಲೆಯೇ ಇಲ್ಲ ಎಂದಾಯಿತು, ಆ ಹಿತ್ತಲಿನ ಹುಡುಗನಿಗೆ ಸಿಕ್ಕಿದ್ದ ಒಂದೇ ಒಂದು ಒಳ್ಳೆಯದೂ ಹೋಯಿತು ಎಂದೇ ಅವರ ಹೆದರಿಕೆ. ಆ ಕಾಲದ ಒಂದು ಹಾಡನ್ನು ಅವರೇ ಆರಿಸಿ ಹೇಳಿದ್ದರು. ದೀಪಕ್ ಹಾಕಿದ.

ಹಾಡು ಕೋಣೆಯ ನಡುವೆ ಬಂದು ನಿಂತಿತು. ಪಿಟೀಲು ಎಡಕ್ಕೆ, ತಬಲ ಬಲಕ್ಕೆ, ಹಾಡುವವಳು ಎದುರಿಗೇ. ದೀಪಕ್ ಕೈಕಟ್ಟಿ ನಿಂತು ತನ್ನ ಕೈಕೆಲಸಕ್ಕೆ ತಾನೇ ತಲೆದೂಗುತ್ತಿದ್ದ. ಅರ್ಧ ಹಾಡಿಗೆ ಜವರಯ್ಯನವರು ಕೈ ಎತ್ತಿದರು.

"ಅದಲ್ಲ ಕಣಪ್ಪ."

"ಸಾ!"

"ಆಯಮ್ಮ ಉಸಿರು ಎಳ್ಕೊಳೋದು ಕೇಳ್ತದೆ. ಆಗ ಎಳ್ಕೋತಿರ್ನಿಲ್ಲ."

"ಆಗ್ಲೂ ಎಳ್ಕೋತಿದ್ರು ಸಾ. ಎಳ್ಕೊಳ್ದೆ ಹೆಂಗ್ ಹಾಡ್ತಾರೆ? ರೆಕಾರ್ಡಿಂಗಲ್ಲೇ ಅದೆ."

"ನಾನು ದಿನಾ ಕೇಳಿವ್ನಿ ಕಣಪ್ಪ. ಇರ್ನಿಲ್ಲ."

ದೀಪಕ್ ವಾಲ್ವ್ ಬದಲಾಯಿಸಿದ, ತಂತಿ ಬದಲಾಯಿಸಿದ. ಹಾಡು ಇನ್ನೂ ಸ್ವಚ್ಛವಾಯಿತು, ಉಸಿರು ಇನ್ನೂ ಹತ್ತಿರವಾಯಿತು. ಅವನ ಮುಖ ನೋಡಲಾಗುತ್ತಿರಲಿಲ್ಲ. ಜವರಯ್ಯನವರದ್ದೂ ಹಾಗೇ. ಅಷ್ಟರಲ್ಲಿ ಅಡುಗೆಮನೆಯಿಂದ ಚಲುವಮ್ಮ ಕೂಗಿದರು: "ಟ್ಯಾಂಕು ತುಂಬಿ ಸುರೀತಾ ಅದೆ, ಓಗಿ ಮೋಟ್ರು ಆಫ್ ಮಾಡ್ರೀ! ಆಡ್ನ ಆಮ್ಯಾಕೆ ಕೇಳೂರಿ!"

ಜವರಯ್ಯನವರು ಎದ್ದು ಹೊರಬಾಗಿಲಿನಿಂದ ಮನೆ ಬಳಸಿ ಹಿತ್ತಲಿಗೆ ಹೋದರು. ಮೋಟಾರಿನ ಸ್ವಿಚ್ಚು ಅಲ್ಲಿತ್ತು. ಒಳಗೆ ದೀಪಕ್ ಮತ್ತೆ ಹಾಡು ಹಾಕಿದ. ಹಿತ್ತಲಿನ ಕಡೆಯ ಕಿಟಕಿ ಅರ್ಧ ಮುಚ್ಚಿತ್ತು. ಸ್ವಿಚ್ಚಿಗೆ ಚಾಚಿದ ಕೈ ಅಲ್ಲೇ ನಿಂತಿತು.

ದಪ್ಪಗೆ, ಮೆತ್ತಗೆ, ತುಂಬಿದ ಕೊಡದೊಳಗಿಂದ ಎದ್ದು ಬಂದಂತೆ, ಅದೇ ಹಾಡು. ಅದೇ ಸೌಂಡ್. ಒಂದು ಕೂದಲೆಳೆಯ ವ್ಯತ್ಯಾಸವಿಲ್ಲ. ಟ್ಯಾಂಕಿನ ನೀರು ಅವರ ಹೆಗಲ ಮೇಲೆ, ಇಸ್ತ್ರಿ ಮಾಡಿದ ಅಂಗಿಯ ಮೇಲೆ ಸುರಿಯುತ್ತಿತ್ತು. ಜವರಯ್ಯನವರು ಕದಲಲಿಲ್ಲ. ಕಣ್ಣಲ್ಲಿ ನೀರು ಬಂತು, ಆದರೆ ಆ ಹೊತ್ತಿನಲ್ಲಿ ಅದನ್ನು ಬೇರೆಯಾಗಿ ಗುರುತಿಸುವ ಸ್ಥಿತಿಯಿರಲಿಲ್ಲ.

ಹೋದವರು ಬರಲಿಲ್ಲವೆಂದು ದೀಪಕ್ ಹುಡುಕಿಕೊಂಡು ಬಂದ. ಮೊದಲು ಮೋಟಾರ್ ಆಫ್ ಮಾಡಿದ.

"ಬಂತು ಕಣಪ್ಪ," ಎಂದರು ಜವರಯ್ಯನವರು. "ಇದೇಯ. ಇಲ್ಲಿ ನಿಂತ್ಕೊಂಡು ಕೇಳು. ಇದೇ ಆ ಸೌಂಡು."

ದೀಪಕ್ ಅವರ ಪಕ್ಕ ನಿಂತು ಕಿವಿಗೊಟ್ಟ. ಸ್ವಲ್ಪ ಹೊತ್ತಿಗೆ ಅವನ ಮುಖದಲ್ಲಿ ಎಂಟು ತಿಂಗಳ ಗಂಟು ಸಡಿಲವಾಯಿತು. "ಅಯ್ಯೋ ಸಾ, ಇಷ್ಟೇನಾ! ಇದು ಆಂಪ್ಲಿಫೈಯರ್ ಸೌಂಡಲ್ಲ ಸಾ, ಗೋಡೆ ಸೌಂಡು. ಸಣ್ಣ ಸ್ವರ ಎಲ್ಲಾ ಗೋಡೆ ತಿಂದ್ಬಿಡುತ್ತೆ, ದಪ್ಪದ್ದು ಮಾತ್ರ ಆಚೆ ಬರುತ್ತೆ. ಉಸಿರು ಬರಲ್ಲ. ನೀವು ಆವಾಗ ಹೊರಗಡೆ ಕೂತ್ಕೊಂಡು ಕೇಳ್ತಿದ್ರಾ?"

ಜವರಯ್ಯನವರು ಗೋಡೆಯನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು. ತಾಲ್ಲೂಕಿನ ಗೋಡೆಗಳನ್ನೆಲ್ಲ ಅಳೆದ ಮನುಷ್ಯನಿಗೆ ಒಂದು ಗೋಡೆಯ ಲೆಕ್ಕ ಐವತ್ತೇಳು ವರ್ಷ ತಪ್ಪಿಹೋಗಿತ್ತು.

ದೀಪಕ್‌ಗೆ ಈಗ ಉತ್ಸಾಹ ಬಂದಿತ್ತು. "ಯೋಚ್ನೆ ಮಾಡ್ಬೇಡಿ ಸಾ. ಒಂದು ಕೆಪಾಸಿಟರ್ ಹಾಕ್ಬಿಟ್ರೆ ಆಯ್ತು, ಸಣ್ಣ ಸ್ವರ ಎಲ್ಲಾ ಅಲ್ಲೇ ನಿಂತೋಗುತ್ತೆ. ಐದು ನಿಮಿಷದ ಕೆಲಸ, ಕಾರಲ್ಲೇ ಅದೆ. ಒಳಗೆ ಕುರ್ಚಿ ಮೇಲೆ ಕೂತ್ರೂ ಇದೇ ಸೌಂಡ್ ಬರುತ್ತೆ."

"ಗೋಡೆನ ಪೆಟ್ಗೆ ಒಳಗೇ ಕಟ್ಕೊಡ್ತೀಯ ಅನ್ನು."

"ಹಂಗೇ ಅಂದ್ಕೊಳಿ ಸಾ!" ಎಂದು ದೀಪಕ್ ನಕ್ಕ.

ಹುಡುಗನ ತಪ್ಪೇನೂ ಇರಲಿಲ್ಲ. ಕೇಳಿದ್ದನ್ನು ಕೊಡಲು ಬಂದಿದ್ದ. ಜವರಯ್ಯನವರಿಗೆ ಸಿಟ್ಟು ಬಂತು. ಪುಟ್ಟಬಸವಯ್ಯನವರ ಮೇಲೆ ಬಂತು, ಒಳಗಿನಿಂದ ಅಳತೆ ಕೂಗಿದ ರಾಜೇಂದ್ರನ ಮೇಲೆ ಬಂತು, ಅದನ್ನು ಬರೆದುಕೊಂಡ ತಮ್ಮ ಮೇಲೆ ಎಲ್ಲರಿಗಿಂತ ಹೆಚ್ಚಾಗಿ ಬಂತು. ಆ ಮನೆಯವರು ದಿನವೂ ಕೇಳುತ್ತಿದ್ದ ಹಾಡಿನಲ್ಲಿ ಒಬ್ಬ ಹೆಂಗಸು ಉಸಿರು ಎಳೆದುಕೊಂಡು ಹಾಡುತ್ತಿದ್ದಳು. ಒಳಗಿದ್ದವರಿಗೆ ಅದು ಗೊತ್ತಿತ್ತು. ಆದರೂ ಆ ಬಾನಿಯ ಪಕ್ಕದ ಸುಖ ಸುಳ್ಳು ಎನ್ನಲು ಜವರಯ್ಯನವರಿಗೆ ಮನಸ್ಸು ಬರಲಿಲ್ಲ. ಸುಖವಾಗಿದ್ದದ್ದು ನಿಜವೇ ಆಗಿತ್ತು. ಈಗಷ್ಟೇ ಮತ್ತೊಮ್ಮೆ ಆಗಿತ್ತು.

"ಹಾಕ್ಲಾ ಸಾ?" ಎಂದ ದೀಪಕ್.

"ಬ್ಯಾಡ."

"ಮತ್ತೆ ಅದಲ್ಲ ಅಂತೀರಲ್ಲ ಸಾ, ಒಳಗೆ ಕೂತ್ರೆ?"

"ಅದಲ್ಲ. ಅದಲ್ದಿದ್ರೂ ಇರ್ಲಿ. ನೀನು ಚೆನ್ನಾಗಿ ಮಾಡಿದ್ದೀಯ."

ಒದ್ದೆ ಕಾಲಲ್ಲೇ ಒಳಗೆ ಬಂದರು. ನೆಲವೆಲ್ಲ ನೀರಾಯಿತೆಂದು ಚಲುವಮ್ಮ ಬೈದು, ಟವೆಲ್ ತಂದುಕೊಟ್ಟು, "ಸಿಕ್ತಾ ನಿಮ್ಮ ಸೌಂಡು?" ಎಂದರು. ಸಿಕ್ಕಿತು ಎಂದರು ಜವರಯ್ಯನವರು. ಎಲ್ಲಿತ್ತು ಎಂದಾಗ, ಆಮೇಲೆ ಹೇಳುತ್ತೇನೆ ಎಂದರು. ಊಟದ ಕೋಣೆಯಿಂದ ಇನ್ನೊಂದು ಕುರ್ಚಿಯನ್ನು ಎಳೆದು ತಂದು ತಮ್ಮ ಕುರ್ಚಿಗೆ ತಾಗಿಸಿ ಇಟ್ಟರು. ಸೀಮೆಸುಣ್ಣದ ಗಡಿ ಕಾಲಡಿ ಅಳಿಸಿಹೋಯಿತು. ಹೀಗೆ ಕೂತರೆ ತ್ರಿಕೋನ ಕೆಡುತ್ತದೆ ಎಂದು ದೀಪಕ್ ಹೇಳಿದ, ಕೆಡಲಿ ಎಂದರು. ಅನ್ನಕ್ಕೆ ಇಟ್ಟಿದ್ದೇನೆ ಎನ್ನುತ್ತಲೇ ಚಲುವಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು ಕೂತರು.

ಹಾಡು ಕೊನೆಯ ಚರಣಕ್ಕೆ ಬಂದಿತ್ತು. ಉಸಿರು ಕಿವಿಗೆ ಚುಚ್ಚಿತು. ಜವರಯ್ಯನವರು ಮುಖ ಕಿವುಚಿದರು, ಆದರೆ ಏಳಲಿಲ್ಲ. ಮುಗಿದ ಮೇಲೆ ದೀಪಕ್, "ಬೇರೆ ಯಾವ್ದಾದ್ರೂ ಹಾಕ್ಲಾ ಸಾ?" ಎಂದು ಕೇಳಿದ.

"ಇದ್ನೇ ಮೊದ್ಲಿಂದ ಆಕಪ್ಪ," ಎಂದರು ಜವರಯ್ಯನವರು. "ಇಷ್ಟೊತ್ತು ನಾನು ಒಳಗಿರ್ನಿಲ್ಲ."