ಚನ್ನಯ್ಯನ ಹಳೆಯ ಲ್ಯಾಪ್‌ಟಾಪ್

ದಾಸನಕೊಪ್ಪದ ಝೆರಾಕ್ಸ್ ಅಂಗಡಿಯ ಚನ್ನಯ್ಯ, ಬರೆದದ್ದನ್ನು ಕನ್ನಡದಲ್ಲಿ ಓದಿಹೇಳುವ ದೊಡ್ಡ ತಂತ್ರಾಂಶವೊಂದನ್ನು ತನ್ನ ಹಳೆಯ ಲ್ಯಾಪ್‌ಟಾಪಿಗೆ ಒಗ್ಗುವಂತೆ ತಿಂಗಳುಗಟ್ಟಲೆ ಕಂಪೈಲ್ ಮಾಡುತ್ತಲೇ, ಎಂದರೆ ಯಂತ್ರದ ಭಾಷೆಗೆ ಇಳಿಸುತ್ತಲೇ, ಇದ್ದ. ಪರದೆಯ ಮೇಲೆ ಸಾಲುಗಳು ಇರುವೆಗಳಂತೆ ಮೆಲ್ಲಗೆ ಸಾಗುತ್ತಿದ್ದರೆ, ಫ್ಯಾನನ್ನು ಅದರತ್ತ ತಿರುಗಿಸಿ ತಾನು ಬೆವರುತ್ತ ಕನಸು ಕಾಣುತ್ತಿದ್ದ. ಗಿರಾಕಿಗಳಿಗೆ, "ಸಾವಕಾಶ ಮಾತಾಡ್ರಿ, ಅದಕ್ಕ ದಣಿವಾಗೇತಿ" ಎನ್ನುತ್ತಿದ್ದ. ಕರೆಂಟು ಹೋಗಿ ಕೆಲಸ ಕೆಟ್ಟರೂ ಬೈಯದೆ ಮತ್ತೆ ಶುರುಮಾಡುತ್ತಿದ್ದ. ಹೊಸದು ಕೊಳ್ಳಬಾರದೇ ಎಂದರೆ, "ನಮ್ಮನಿಯಾಕಿ ಬೆರಳಿಗೆ ಇದರ ಕೀಲಿಮಣಿ ಅಷ್ಟ ಗೊತ್ತೈತ್ರಿ" ಎನ್ನುವ ಉತ್ತರ. ಹೆಂಡತಿ ಗಂಗಾಂಬಿಕಾಗೆ ಕಣ್ಣು ಕಾಣುವುದಿಲ್ಲ. ಮೊನ್ನೆ ಕಂಪೈಲ್ ಮುಗಿದಾಗ ನಾನೂ ಅಲ್ಲಿದ್ದೆ. ಅವಳು ಬಂದು ಕೂತು, ಮದುವೆಯಾದಂದಿನಿಂದ ಬಾಯಿಬಿಟ್ಟು ಹೇಳದ ಗಂಡನ ಹೆಸರನ್ನು ನಿಧಾನವಾಗಿ ಒತ್ತಿದಳು. ಲ್ಯಾಪ್‌ಟಾಪು "ಚನ್ನಯ್ಯ" ಎಂದಿತು. ಪಕ್ಕದಲ್ಲೇ ನಿಂತಿದ್ದ ಅವನು ಮೆಲ್ಲಗೆ "ಓ" ಎಂದ.