ಇಪ್ಪತ್ನಾಲ್ಕು ಗಜದ ಲೆಕ್ಕ

ಪುಂಡಲೀಕಪ್ಪ ಮಾಸ್ತರರು ಜೀವಮಾನದಲ್ಲಿ ಎಷ್ಟು ಉತ್ತರಪತ್ರಿಕೆ ತಿದ್ದಿದರೋ ದೇವರಿಗೇ ಗೊತ್ತು. ಬೆನ್ನು ಬಿಡದೆ ಕಾಡಿದ್ದು ಒಂದೇ ಒಂದು.

ಎಪ್ಪತ್ತೆರಡನೆಯ ಇಸವಿ. ಏಳನೆಯ ಇಯತ್ತೆಯ ಪಬ್ಲಿಕ್ ಪರೀಕ್ಷೆ. ಜನರ ಬಾಯಲ್ಲಿ ಇನ್ನೂ ಹಳೆಯ ಹೆಸರೇ, ಮುಲ್ಕಿ. ಲಕ್ಷ್ಮೇಶ್ವರದ ಈ ಮಾಸ್ತರರನ್ನು ಬೇರೆ ಊರಿನ ಪತ್ರಿಕೆ ತಿದ್ದಲು ಶಿರಹಟ್ಟಿಗೆ ಕರೆಸಿದ್ದರು. ಪತ್ರಿಕೆಯ ಮೇಲೆ ಹೆಸರಿಲ್ಲ, ನಂಬರು ಮಾತ್ರ. ಲೆಕ್ಕ ಇಷ್ಟೇ: ಮಗ್ಗಕ್ಕೆ ಇಪ್ಪತ್ನಾಲ್ಕು ಗಜ ಉದ್ದದ ನೂಲು ಹಾಸಿದರೆ, ಎಂಟು ಗಜದ ಸೀರೆ ಎಷ್ಟು ನೇಯಬಹುದು? ಮೇಲಿನಿಂದ ಬಂದ ಉತ್ತರ, ಮೂರು. ಒಂದು ಪತ್ರಿಕೆಯಲ್ಲಿ ಮಾತ್ರ, ‘ಎರಡು. ಮೂರನೆಯದು ಪೂರಾ ಆಗುವುದಿಲ್ಲ’ ಎಂದಿತ್ತು. ಮಾಸ್ತರರು ಬಿದ್ದು ಬಿದ್ದು ನಕ್ಕರು. “ಕೇಳ್ರಿ ಇಲ್ಲೆ, ಈ ಶಾಣ್ಯಾನ ಲೆಕ್ಕ!” ಎಂದು ಎಲ್ಲರಿಗೂ ಓದಿ ಹೇಳಿ, ಕೆಂಪು ಪೆನ್ಸಿಲಿನಿಂದ ದುಂಡಗೆ ಸೊನ್ನೆ ಸುತ್ತಿದರು. ಪಾಸಾಗಲು ಎರಡು ಅಂಕ ಕಡಿಮೆ ಬಿತ್ತು. ಬೀಳಲಿ ಬಿಡಿ, ಉತ್ತರ ತಪ್ಪಲ್ಲವೇ?

ಎರಡೇ ವರ್ಷಕ್ಕೆ ಬೆಟಗೇರಿಗೆ ವರ್ಗವಾಯಿತು. ನೇಕಾರರ ಓಣಿಯಲ್ಲಿ ಬಾಡಿಗೆ ಮನೆ. ಮನೆ ಮಾಲಕ ಅಂದಪ್ಪ ಒಂದು ಮಧ್ಯಾಹ್ನ ಚಹಾಕ್ಕೆ ಕರೆದ. ಅವನ ಮಗಳು ಚಂದ್ರವ್ವ ಮಗ್ಗದಿಂದ ಸೀರೆ ಕೊಯ್ದು ತೆಗೆಯುತ್ತಿದ್ದಳು. ಹಿಂದೆ ಗಜದಷ್ಟು ನೂಲು ನೇಯದೆ ಹಾಗೇ ಉಳಿದಿತ್ತು.

“ಯಾಕ ತಂಗಿ, ಇಷ್ಟು ನೂಲು ದಂಡ ಮಾಡ್ತಿ?”

“ದಂಡ ಅಲ್ರಿ ಸರ. ಇದು ಮಗ್ಗಕ್ಕ ಕಟ್ಟಿದ ನೂಲು, ಇಲ್ಲಿತನಾ ಲಾಳಿ ಬರಂಗಿಲ್ಲ. ನೇಯ್ದಂಗ ಹಾಸಿದ ನೂಲೂ ಒಂದೀಟು ಗಿಡ್ಡ ಆಗ್ತೈತಿ.” ಚಂದ್ರವ್ವ ನಕ್ಕಳು. “ಇದನ್ನ ಮುಲ್ಕಿ ಪರೀಕ್ಷಾದಾಗ ಬರದಿದ್ನಿ ನೋಡ್ರಿ. ಇಪ್ಪತ್ನಾಕು ಗಜಕ್ಕ ಎರಡ ಸೀರಿ ಅಂತ. ಯಾವ ಪುಣ್ಯಾತ್ಮ ತಿದ್ದಿದ್ನೋ, ಎರಡು ಮಾರ್ಕಿನಾಗ ನಪಾಸ ಆತು. ಅಪ್ಪ ಸಾಲಿ ಬಿಡಿಸಿ ಮಗ್ಗಕ್ಕ ಕುಂಡ್ರಿಸಿದ.”

ಮಾಸ್ತರರು ಅರ್ಧ ಕಪ್ಪು ಚಹಾ ಬಿಟ್ಟು ಎದ್ದು ಹೋದರು.

ಅಂದಿನಿಂದ ಶುರುವಾಯಿತು. ಪಾಠಕ್ಕೆ ನಿಂತರೆ ಲಾಳಿಯ ಸದ್ದು, ಊಟಕ್ಕೆ ಕೂತರೆ ಲಾಳಿಯ ಸದ್ದು, ಅದರೊಳಗೆ ಶಿರಹಟ್ಟಿಯಲ್ಲಿ ತಾವೇ ನಕ್ಕ ಆ ನಗು. ಹೇಳಿಬಿಡಬೇಕೆಂದು ಎಷ್ಟೋ ಸಲ ಅಂದಪ್ಪನ ಹೊಸ್ತಿಲವರೆಗೆ ಹೋದರು. ಮಳೆ-ಬೆಳೆಯ ಮಾತಾಡಿ ಬಂದರು. ಹೇಡಿತನ ಅನ್ನದೆ ಇದಕ್ಕೆ ಇನ್ನೇನನ್ನಬೇಕು? ಚಂದ್ರವ್ವನಿಗೆ ಅದೇ ಓಣಿಯಲ್ಲಿ ಮದುವೆಯಾಯಿತು. ಅಲ್ಲಿಯೂ ಮಗ್ಗವೇ.

ಎಂಬತ್ತೊಂಬತ್ತರಲ್ಲಿ ಅವಳ ಮಗಳು ಚೌಡವ್ವ ಏಳನೆಯ ಇಯತ್ತೆಗೆ ಬಂದಳು. ಮಾಸ್ತರರು ಯಾರೂ ಕರೆಯದಿದ್ದರೂ ಸಂಜೆ ಸಂಜೆ ಹೋಗಿ ಲೆಕ್ಕ ಹೇಳಿಕೊಡತೊಡಗಿದರು. ಒಂದು ದಿನ ಹುಡುಗಿಯ ಪುಸ್ತಕದಲ್ಲಿ ಅದೇ ಲೆಕ್ಕ ಬಂತು.

“ಮೂರು ಅಂತ ಬರಿ,” ಚಂದ್ರವ್ವ ಮಗ್ಗದಿಂದಲೇ ಕೂಗಿದಳು.

“ಎರಡ ಆಗ್ತಾವಲ್ಲಬೇ?” ಹುಡುಗಿ ಮಾಸ್ತರರತ್ತ ತಿರುಗಿದಳು. “ಖರೆ ಯಾವುದ್ರಿ ಸರ?”

ಮಾಸ್ತರರಿಗೆ ಇನ್ನು ತಡೆದುಕೊಳ್ಳಲಾಗಲಿಲ್ಲ. “ಎರಡ ಖರೆ. ನಿಮ್ಮವ್ವನೂ ಖರೆನ ಬರದಿದ್ಲು. ಸೊನ್ನಿ ಹಾಕಿದಾಂವ ನಾನವಾ, ನಾನ.”

ಲಾಳಿ ನಿಂತಿತು.

“ಗೊತ್ತೈತ್ರಿ,” ಎಂದಳು ಚಂದ್ರವ್ವ. “ಅವತ್ತ ಚಹಾ ಬಿಟ್ಟು ಎದ್ದು ಹೋದ್ರಲ್ಲ, ಆಗ ತಿಳೀತು. ಇವತ್ತ ಹೇಳ್ತಾರ, ನಾಳಿ ಹೇಳ್ತಾರ ಅಂತ ಹಾದಿ ನೋಡಿದ್ನಿ. ನನ್ನ ಲೆಕ್ಕ ತಪ್ಪಲ್ಲ ಅಂತ ನೀವು ಒಂದು ಮಾತು ಅಂದಿದ್ರ, ಅಪ್ಪ ಮತ್ತ ಸಾಲಿಗೆ ಕಳಸ್ತಿದ್ದ.”

ಚಂದ್ರವ್ವ ಮಗಳತ್ತ ತಿರುಗಿದಳು.

“ಚೌಡಿ, ಮೂರು ಅಂತ ಬರಿ. ನೀನರ ಪಾಸಾಗಿ ಈ ಮಗ್ಗದಿಂದ ಎದ್ದು ಹೋಗು.”

ಹುಡುಗಿ ಮೂರು ಎಂದು ಬರೆದು ಪುಸ್ತಕ ಮುಂದೆ ಹಿಡಿದಳು. ಮಾಸ್ತರರು ಕೆಂಪು ಪೆನ್ಸಿಲು ತೆಗೆದು, ಸರಿ ಎಂದು ಗುರುತು ಹಾಕಿದರು.