ಏಸಿ ಹಾಕಿಕೊಂಡೇ ಪಟಾನ್‌ಚೆರುವಿಗೆ

ನಾನು ಪಟಾನ್‌ಚೆರುವಿನ ಔಷಧ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಲಸಕ್ಕಿದ್ದೇನೆ. ಸಿಕಂದರಾಬಾದಿನ ತಾರ್ನಾಕದಲ್ಲಿರುವ ನಮ್ಮ ಮನೆಯ ಕಡೆಯಿಂದ ಅಲ್ಲಿಗೆ ಹೋಗುತ್ತಿದ್ದ ಕಂಪನಿ ಬಸ್ಸು ನಿಂತುಹೋದ ವರ್ಷ ಮನೆಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ನೌಕರಿ ಬಿಡು. ಬಿಡದೆ, ಮನೆಯ ಪೆಟ್ರೋಲ್ ಕಾರಿನಲ್ಲಿ ಕೆಲವು ತಿಂಗಳು ಹೋಗಿಬಂದೆ. ಸಿಕಂದರಾಬಾದಿನ ಟ್ರಾಫಿಕ್ಕಿನಲ್ಲಿ ಅದು ನಿಂತಲ್ಲೇ ಗುರುಗುಟ್ಟುತ್ತ ಎಣ್ಣೆ ಕುಡಿಯುತ್ತಿತ್ತು. ನನ್ನ ಸಂಬಳ ಅದಕ್ಕೆ ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.

"ದುಡಿದಿದ್ದೆಲ್ಲಾ ಪೆಟ್ರೋಲ್ ಬಂಕಿಗೆ ಹಾಕೂದಾದ್ರ, ಮನ್ಯಾಗ ಕೂಡೂದ ಚಲೋ," ಎಂದರು ನನ್ನ ಗಂಡನ ಅಣ್ಣ.

ಅದಕ್ಕೇ ಸಾಲ ಮಾಡಿ ಎಲೆಕ್ಟ್ರಿಕ್ ಕಾರು ತಂದೆ. ಕೊಳ್ಳುವಾಗ ದುಬಾರಿ, ನಿಜ. ನಮ್ಮೂರು ಕಲಬುರಗಿಗೆ ಹೊರಟರೆ ದಾರಿಯಲ್ಲಿ ಚಾರ್ಜಿಗೆ ನಿಲ್ಲಬೇಕು, ಅದೂ ನಿಜ. ಆದರೆ ನಾನೇನು ದಿನಾ ಕಲಬುರಗಿಗೆ ಹೋಗುತ್ತೇನೆಯೇ? ಮನೆಯ ಮೀಟರಿನಿಂದ ತುಂಬಿಸಿಕೊಂಡದ್ದು ಹೋಗಿಬರಲು ಸಾಕಾಗಿ ಮಿಗುತ್ತಿತ್ತು. ಪೆಟ್ರೋಲಿನ ಖರ್ಚಿನ ಮುಂದೆ ಕರೆಂಟು ಬಿಲ್ಲು ಏನೇನೂ ಅಲ್ಲ.

ಭಾವ ನಂಬಲಿಲ್ಲ. ಅವರು ಹಿಡಿದ ಮೊಲಕ್ಕೆ ಮೂರೇ ಕಾಲು. ಪರೀಕ್ಷೆ ಮಾಡಿಯೇ ಬಿಡೋಣವೆಂದು ಮೇ ತಿಂಗಳ ಒಂದು ರವಿವಾರ ಮಧ್ಯಾಹ್ನ ಕಾರಿನಲ್ಲಿ ನನ್ನ ಪಕ್ಕ ಬಂದು ಕೂತರು; ಪಟಾನ್‌ಚೆರುವಿಗೆ ಹೊರಟೆವು. ಕೂಕಟ್‌ಪಲ್ಲಿ ದಾಟುವ ಮೊದಲೇ ಏಸಿಗೆ ಕೈ ಹಾಕಿದರು.

"ಬಂದ್ ಮಾಡವ್ವಾ, ಚಾರ್ಜ್ ಉಳೀಲಿ. ನಡು ರಸ್ತಾದಾಗ ನಿಂತ್ರ ಏನ್ ಮಾಡ್ತೀ?"

ನಾನು ಮತ್ತೆ ಹಾಕಿದೆ. ಅವರು ಆರಿಸಿದರು. ನನಗೆ ಸಿಟ್ಟು ನೆತ್ತಿಗೇರಿತು. ಇದೇ ಭಾವ ತಮ್ಮ ಕಾರನ್ನು ಸದಾ ರಿಸರ್ವಿನಲ್ಲೇ ಓಡಿಸುವವರು. ಬೀದರ್ ರಸ್ತೆಯಲ್ಲಿ ಎಣ್ಣೆ ಮುಗಿದು, ಬಾಟಲಿ ಹಿಡಿದು ಬಿಸಿಲಲ್ಲಿ ನಡೆದವರು. ಅವರಿಗೆ ಯಾರೂ ನೌಕರಿ ಬಿಟ್ಟು ಮನೆಯಲ್ಲಿ ಕೂಡ್ರಿ ಅಂದಿರಲಿಲ್ಲ.

"ಕೈ ತಗೀರಿ ಭಾವಾರ," ಎಂದೆ. "ಕಾರ್ ನಾ ಹೊಡ್ಯಾಕತ್ತೀನಿ."

ಏಸಿ ಜೋರು ಮಾಡಿದೆ. ಪಟಾನ್‌ಚೆರು ಮುಟ್ಟಿ, ತಿರುಗಿ ಮನೆಗೆ ಬಂದಾಗ ಚಾರ್ಜು ಅರ್ಧದ ಹತ್ತಿರ ಉಳಿದಿತ್ತು. ಭಾವ ಚಷ್ಮಾ ಒರೆಸಿಕೊಂಡು ಮತ್ತೊಮ್ಮೆ ನೋಡಿದರು. ಈಗಲಾದರೂ ಒಪ್ಪುತ್ತಾರೆಂದು ಕಾದೆ.

"ಇವತ್ತೇನೋ ಬಂತು. ಮುಂದ ನಾಕ್ ವರ್ಷಕ್ಕ ಬ್ಯಾಟರಿ ಸತ್ತರ?"

ಕಾರು ಕಾಶಿಯವರೆಗೆ ಓಡಿದರೂ ಇವರಿಗೆ ಸಾಲದು ಎಂದು ಆಗ ತಿಳಿಯಿತು. ಇವರಿಗೆ ಬೇಕಾದದ್ದು ನಾನು ಮನೆಯಲ್ಲಿ ಕೂಡುವುದು.

"ಬ್ಯಾಟರಿ ಸತ್ತರ ಬ್ಯಾಟರಿ ಬದಲಸ್ತೀನ್ರಿ," ಎಂದೆ. "ನೌಕರಿ ಮಾತ್ರ ಬಿಡಂಗಿಲ್ಲ."

ಅವರೆದುರಿಗೇ ಕಾರನ್ನು ಚಾರ್ಜಿಗೆ ಹಾಕಿದೆ. ಮರುದಿನ ಬೆಳಿಗ್ಗೆ ನನ್ನ ಶಿಫ್ಟ್ ಇತ್ತು.